ಪಾಪನಿವೇದನೆ ಮಾಡಿದರೆ ತೂಕದ ಮೋಸ ತೀರುತ್ತದೆಯೇ?

ಕುಂಬಳೆ ಓದುಗ:
ತಪಸ್ಸುಕಾಲದಲ್ಲಿ (ಈಸ್ಟರ್ ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ) ನಮ್ಮ ಯುವಕರಿಗೆ ಪಾಠ ಮಾಡಬೇಕು. ಅಡಿಕೆ ತೂಕದಲ್ಲಿ ಮೋಸ ಮಾಡಿದವನು ಪಾಪನಿವೇದನೆ ಮಾಡಿ (ಫಾದರ್ ಮುಂದೆ ತಪ್ಪೊಪ್ಪಿಕೊಂಡು), ಹಣ ಮಾತ್ರ ಹಿಂದಿರುಗಿಸದೆ ಇಟ್ಟುಕೊಂಡರೆ ಅದು ಪಶ್ಚಾತ್ತಾಪವೇ?

ಬೇಳದವ:
ಅಲ್ಲ. ಕಥೋಲಿಕ ಬೋಧನೆಯಲ್ಲಿ ಮನಸ್ಸಾಕ್ಷಿಯ ಪರಿಶೋಧನೆ, ದುಃಖ, ಇನ್ನು ಮಾಡೆನೆಂಬ ನಿರ್ಧಾರ, ನಿವೇದನೆ, ಪ್ರಾಯಶ್ಚಿತ್ತ ಎಲ್ಲವೂ ಬೇಕು. ಹೆಚ್ಚಿನವರು ಎಡವುವುದು ನಿರ್ಧಾರದಲ್ಲೇ. ಹಿಂದಿರುಗಿಸುವ ಶಕ್ತಿಯಿದ್ದೂ ಮನಸ್ಸಿಲ್ಲದವನ ದುಃಖ ಪೊಳ್ಳು. ಎಷ್ಟು ಕ್ವಿಂಟಾಲಿಗೆ ಎಷ್ಟು ಕಿಲೋ ಹೊಡೆದದ್ದೆಂದು ಲೆಕ್ಕ ಹಾಕಿ ಬೆಳೆಗಾರರಿಗೆ ಕೊಡಲಿ. ಅವರು ತೀರಿಹೋಗಿದ್ದರೆ ವಾರಸುದಾರರಿಗೆ, ಯಾರೂ ಸಿಗದಿದ್ದರೆ ಬಡವರಿಗೆ. ಹೆಸರು ಬಯಲಾಗಬೇಕೆಂದಿಲ್ಲ, ಫಾದರ್ ಮೂಲಕವೂ ತಲುಪಿಸಬಹುದು. ಒಮ್ಮೆಗೇ ಆಗದಿದ್ದರೆ ಕಂತಿನಲ್ಲಾದರೂ ಶುರುಮಾಡಲಿ.

ಮಂಜೇಶ್ವರ:
ಮತ್ತಾಯ 23:23 ಓದಿಸಿ. ಪುದೀನ, ಜೀರಿಗೆಯಲ್ಲೂ ದಶಮಾಂಶ ಕೊಟ್ಟು ನ್ಯಾಯ, ಕರುಣೆ ಬಿಟ್ಟವರನ್ನು ಯೇಸು ಗದರಿಸುತ್ತಾರೆ. ಆದರೆ ಪಕ್ಕದ ಅಂಗಡಿಯವನತ್ತ ಬೆರಳು ತೋರಿಸಲು ಆ ವಚನ ಬಳಸಬೇಡಿ, ದಯವಿಟ್ಟು. ನಾವು ಅಳೆದ ಅಳತೆಯಲ್ಲೇ ನಮ್ಮನ್ನೂ ಅಳೆಯಲಾಗುತ್ತದೆ (ಮತ್ತಾಯ 7:2).

ಕಾಸರಗೋಡು ಸಿಎಸ್‌ಐ:
ಒಂದು ಎಚ್ಚರಿಕೆ. ವಾಪಸು ಕೊಟ್ಟ ಹಣ ಕ್ಷಮೆಯ ಬೆಲೆಯಲ್ಲ. ಲೂಕ 19ರಲ್ಲಿ ಯೇಸು ಸುಂಕ ವಸೂಲಿಯವನಾದ ಜಕ್ಕಾಯನ ಮನೆಗೆ ಬರುತ್ತೇನೆಂದದ್ದು ಮೊದಲು. ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುವ ಅವನ ಮಾತು ಆಮೇಲೆ ಬಂತು. ಈ ಕ್ರಮ ತಿರುಗಿಸಿ ಕಲಿಸಬೇಡಿ.