ಮುತ್ಯಾನ ಯುದ್ಧಕಾಲದ ಪತ್ರ: ಲ್ಯಾಮಿನೇಷನ್ ಮಾಡಿಸಬೇಕಾ?

ಪ್ರಶ್ನೆ (ಶಹಾಪುರ, ಯಾದಗಿರಿ ಜಿಲ್ಲಾ):
ಸರ್, ನಮ್ಮ ಮುತ್ಯಾ 1967ರಾಗ ಮಿಲಿಟರಿ ಸೇರಿದವರು. ಅವರು ಮನಿಗಿ ಬರೆದ ಇನ್‌ಲ್ಯಾಂಡ್ ಪತ್ರ ಆಯಿಯ ಟ್ರಂಕಿನಾಗ ಸಿಕ್ಕಾವ. ಮಡಿಕಿ ಹರಿಲಿಕ್ಕತ್ತಾವ, ಝೆರಾಕ್ಸ್ ಅಂಗಡಿಯವರು ಲ್ಯಾಮಿನೇಷನ್ ಮಾಡಿಸ್ರಿ ಅಂತಾರ. ಒಂದರ ಮ್ಯಾಲ ತಾರೀಖಿಲ್ಲ, ಮುದ್ರಿ ಮಸಿ ಹರಡ್ಯದ. ವಿಳಾಸ "ಜಿಲ್ಲಾ ಗುಲ್ಬರ್ಗಾ, ಮೈಸೂರು ರಾಜ್ಯ", ಕಳಿಸಿದವರ ಕಡೆ "56 ಎ.ಪಿ.ಓ." ಅಂತ ಅದ. ಒಳಗ ಯುದ್ಧದ ಸುದ್ದಿ ಏನೂ ಇಲ್ಲ: "ನಾನು ಕ್ಷೇಮ. ರಜಾ ಎಲ್ಲ ರದ್ದಾಗ್ಯಾವ. ರೇಡಿಯೋ ಕೇಳಿ ಅಂಜಬ್ಯಾಡ್ರಿ. ತೊಗರಿ ಹ್ಯಾಂಗ ಅದ? ಎಳ್ಳಮಾಸಿಗಿ ಚರಗ ಚೆಲ್ಲೂಮುಂದ ನನ್ನ ಹೆಸರಲೆ ಒಂದು ಹಿಡಿ ಚೆಲ್ರಿ." ಇದು ಯಾವ ವರ್ಷದ್ದಿರಬೇಕು?

ಉತ್ತರ (ಹಳೆ ದಾಖಲೆಗಳ ಸಂರಕ್ಷಕರು, ಕಲಬುರಗಿ):
ಲ್ಯಾಮಿನೇಷನ್ ಬ್ಯಾಡವೇ ಬ್ಯಾಡ. ಬಿಸಿಗೆ ಅಂಟಿದ ಪ್ಲಾಸ್ಟಿಕ್ ಮತ್ತೆ ಬಿಡಿಸಲು ಬರುವುದಿಲ್ಲ. ಗುಂಡುಸೂಜಿ ಇದ್ದರೆ ತೆಗೆದು, ಪತ್ರ ಬಿಡಿಸಿ, ಆಮ್ಲರಹಿತ ಕಾಗದದ ನಡುವೆ ಚಪ್ಪಟೆಯಾಗಿ ಇಡಿ. ಡಾಂಬರು ಗುಳಿಗೆ ತಾಗಬಾರದು. ತಗಡಿನ ಟ್ರಂಕ್ ಪತ್ರಾಸಿನ ಕೆಳಗಿದ್ದರೆ ಇವತ್ತೇ ಜಾಗ ಬದಲಿಸಿ, ನಮ್ಮ ಬೇಸಿಗೆ ಕಾಗದವನ್ನು ಸುಟ್ಟುಬಿಡುತ್ತದೆ.

ವರ್ಷ 1971 ಇರಬೇಕು. ಮುತ್ಯಾ ಸೇರಿದ್ದು 67ರಲ್ಲಿ, ಹಾಗಾಗಿ 65ರ ಯುದ್ಧದ್ದಲ್ಲ. ಮೈಸೂರು ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ, ಪತ್ರ ಅದಕ್ಕಿಂತ ಹಿಂದಿನದು. (ಉಳಿದ ಪತ್ರಗಳಲ್ಲಿ ಪಿನ್‌ಕೋಡ್ ಕಂಡರೆ ಅವು 1972ರ ಆಗಸ್ಟ್ 15ರ ನಂತರದವು. ಪಿನ್ ಇಲ್ಲ ಅಂತ ಹಳೆಯದೆನ್ನಲಾಗದು, ಎಷ್ಟೋ ಜನ ಬರೆಯುತ್ತಿರಲಿಲ್ಲ.) ರಜಾ ರದ್ದು, ರೇಡಿಯೋ ಸುದ್ದಿ, ಎಳ್ಳಮವಾಸ್ಯೆ (ಹೊಲದಲ್ಲಿ ಭೂಮಿತಾಯಿಗೆ ಚರಗ, ಅಂದರೆ ಎಡೆ, ಚೆಲ್ಲುವ ಹಬ್ಬ) ಮೂರೂ ಕೂಡುವುದು 71ರ ಡಿಸೆಂಬರಿಗೇ. ಯುದ್ಧ ಶುರುವಾದದ್ದು 3ಕ್ಕೆ. 16ಕ್ಕೆ ಢಾಕಾದಲ್ಲಿ ಪಾಕಿಸ್ತಾನಿ ಸೇನೆ ಶರಣಾಯಿತು. ಆ ವರ್ಷದ ಎಳ್ಳಮವಾಸ್ಯೆ 17ಕ್ಕೆ, ಪಶ್ಚಿಮ ಗಡಿಯಲ್ಲಿ ಕದನವಿರಾಮ ಜಾರಿಯಾದದ್ದೂ ಅವತ್ತೇ ರಾತ್ರಿ 8 ಗಂಟೆಗೆ. ಅಂದರೆ ನಿಮ್ಮ ಮನೆಯವರು ಹೊಲದಾಗ ಕೂತು ಭಜ್ಜಿ, ಸಜ್ಜಿ ರೊಟ್ಟಿ ಉಣ್ಣುವ ಹೊತ್ತಿಗೆ ಅಲ್ಲಿ ಗುಂಡು ಇನ್ನೂ ನಿಂತಿರಲಿಲ್ಲ.

ಯುದ್ಧದ ಸುದ್ದಿ ಇಲ್ಲ ಅಂದಿರಿ. ಎಲ್ಲಿದ್ದೇವೆ, ಎತ್ತ ಹೊರಟೆವು ಎಂದು ಸಿಪಾಯಿ ಬರೆಯುವಂತಿಲ್ಲ. 56 ಎ.ಪಿ.ಓ. (ಆರ್ಮಿ ಪೋಸ್ಟ್ ಆಫೀಸ್) ಕೂಡ ಊರಲ್ಲ, ಜಾಗ ಮರೆಮಾಚುವ ವಿಳಾಸ. ಆ ಟಪಾಲು ದಿಲ್ಲಿಯ ಮೂಲಕ ಹಂಚಿಹೋಗುತ್ತದೆ. ಬರೆಯಲು ಉಳಿಯುವುದು ತೊಗರಿ, ಹಬ್ಬ, ಕ್ಷೇಮಸಮಾಚಾರ. ನನ್ನ ಮಟ್ಟಿಗೆ ಆ ಒಂದು ಹಿಡಿ ಚರಗದ ಸಾಲೇ ಈ ಪತ್ರದಲ್ಲಿನ ಯುದ್ಧದ ಸುದ್ದಿ. ಹಬ್ಬಕ್ಕೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಮುದ್ರೆ ಓದಲು ಫ್ಲ್ಯಾಶ್ ಬ್ಯಾಡ. ಕತ್ತಲ ಕೋಣೆಯಲ್ಲಿ ಟಾರ್ಚನ್ನು ಪಕ್ಕದಿಂದ, ಕಾಗದಕ್ಕೆ ಸಮನಾಗಿ ಹಿಡಿದು ಫೋಟೋ ತೆಗೆಯಿರಿ. ಒತ್ತಿದ ಗುರುತು ನೆರಳಾಗಿ ಎದ್ದು ಕಾಣುತ್ತದೆ. ಫೀಲ್ಡ್ ಪೋಸ್ಟ್ ಆಫೀಸಿನ ಮುದ್ರೆಯಲ್ಲಿ ಊರಿನ ಬದಲು ನಂಬರು ಇರುತ್ತದೆ, ಜೊತೆಗೆ ತಾರೀಖು.

ಇನ್ನೊಬ್ಬರು (ಭಾಲ್ಕಿ, ಬೀದರ್ ಜಿಲ್ಲಾ):
ನಮ್ಮ ಕಾಕಾನ ಪತ್ರಕ್ಕ ಮೊದಲೇ ಸೆಲೋಟೇಪ್ ಹಚ್ಚ್ಯಾರ. ಕಿತ್ತಬಹುದಾ ಸರ್?

ಉತ್ತರ:
ಎಳೆಯಬ್ಯಾಡ್ರಿ, ಅಕ್ಷರವೂ ಕಿತ್ತು ಬರುತ್ತದೆ. ಎರಡೂ ಬದಿ ಫೋಟೋ ತೆಗೆದಿಟ್ಟು, ಟೇಪು ಬಿಡಿಸುವ ಕೆಲಸ ಕಾಗದ ಸಂರಕ್ಷಣೆ ಕಲಿತವರಿಗೇ ಬಿಡಿ.

ಪ್ರಶ್ನೆ ಕೇಳಿದವರು:
ಮುತ್ಯಾ ಆಗ ಎಲ್ಲಿದ್ರು ಅಂತ ತಿಳೀತದೇನ್ರಿ?

ಉತ್ತರ:
ಆಯಿಯ ಪಿಂಚಣಿ ಕಾಗದದಾಗ ಅವರ ಸರ್ವಿಸ್ ನಂಬರು ನೋಡಿ. ಆ ನಂಬರು ಹಾಕಿ, ವಾರಸುದಾರರಾಗಿ ಆಯಿಯ ಸಹಿ ಮಾಡಿಸಿ, ಅವರ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಅರ್ಜಿ ಬರೆಯಿರಿ.