ಸಹಾಯ ಬೇಕು: ಕಬ್ಬಿಣದ ಪೆಟ್ಟಿಗೆಯೊಳಗೆ ಇಟ್ಟ ಮೇಲೆ ವೈಫೈ ಸಿಗ್ನಲ್ ಬಿದ್ದುಹೋಗಿದೆ

ಎಲ್ಲರಿಗೂ ನಮಸ್ಕಾರ. ಮಳೆ, ಧೂಳು ತಾಗಬಾರದು ಅಂತ ಹೊರಗಿನ ಗೋಡೆಯ ರೂಟರನ್ನು ಉಕ್ಕಿನ ಪೆಟ್ಟಿಗೆಗೆ ಹಾಕಿದೆ. ಬಾಗಿಲು ತೆರೆದಿದ್ದರೆ ಸಿಗ್ನಲ್ ಚೆನ್ನಾಗಿದೆ. ಮುಚ್ಚಿದರೆ ಎರಡು ಹೆಜ್ಜೆ ದೂರದಲ್ಲೇ ಫೋನ್ ಸಂಪರ್ಕ ಕಡಿದುಕೊಳ್ಳುತ್ತದೆ.

ಕಾರಣ ಸ್ವಲ್ಪ ಓದಿಕೊಂಡೆ. ಲೋಹ ರೇಡಿಯೊ ಅಲೆಯನ್ನು ವಾಪಸ್ ತಳ್ಳುತ್ತದೆ, ಪೆಟ್ಟಿಗೆ ಪೂರ್ತಿ ಮುಚ್ಚಿದರೆ ಫ್ಯಾರಡೆ ಪಂಜರವೇ (ರೇಡಿಯೊ ಅಲೆ ದಾಟದಂತೆ ತಡೆಯುವ ಲೋಹದ ಗೂಡು) ಆಗಿಬಿಡುತ್ತದೆ. ಮೈಕ್ರೋವೇವ್ ಓವನ್ ಬಾಗಿಲಿನ ಜಾಲರಿ ಮಾಡುವ ಕೆಲಸವೂ ಇದೇ ಅಲ್ವಾ? ಗಾಳಿಗೆಂದು ಸುಮಾರು 5 ಮಿಲಿಮೀಟರ್ ಅಗಲದ ತೂತುಗಳನ್ನು ಕೊರೆದೆ, ಏನೂ ಪ್ರಯೋಜನವಾಗಲಿಲ್ಲ. ವೈಫೈ ಬಳಸುವ 2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, 5 ಗಿಗಾಹರ್ಟ್ಸ್‌ನದು ಸುಮಾರು 6. ಅಷ್ಟು ಚಿಕ್ಕ ತೂತಿನಲ್ಲಿ ಅದು ನುಸುಳುವುದು ಕಷ್ಟ. ಸುಮ್ನೆ ತೂತು ಹೆಚ್ಚಿಸಿದರೆ ನೀರು ಒಳಗೆ ಬರುತ್ತದೆ ಅಷ್ಟೇ.

ಈಗ ಎರಡು ದಾರಿ ಕಾಣುತ್ತಿದೆ. ಒಂದು, ಆಂಟೆನಾಗಳನ್ನು ಮಾತ್ರ ಪೆಟ್ಟಿಗೆಯ ಹೊರಗೆ ತರುವುದು. ನನ್ನ ರೂಟರಿನ ಆಂಟೆನಾ ತಿರುಗಿಸಿ ಬಿಚ್ಚಬಹುದು. ಆದರೆ ತೆಳ್ಳಗಿನ ಕೇಬಲ್ ಉದ್ದವಾದಷ್ಟೂ ಸಿಗ್ನಲ್ ಸೋರುತ್ತದೆ, 5 ಗಿಗಾಹರ್ಟ್ಸ್‌ನಲ್ಲಂತೂ ಇನ್ನೂ ಜಾಸ್ತಿ. ಇನ್ನೊಂದು, ಪೆಟ್ಟಿಗೆಯನ್ನೇ ಪ್ಲಾಸ್ಟಿಕ್ ಅಥವಾ ಫೈಬರ್‌ಗ್ಲಾಸಿಗೆ ಬದಲಿಸುವುದು.

ಹೀಗೆ ಆಂಟೆನಾ ಹೊರತಂದವರು ಇದ್ದರೆ ದಯವಿಟ್ಟು ಹೇಳಿ: ಕೇಬಲ್ ಎಷ್ಟು ಉದ್ದ ಇಟ್ಟಿರಿ, ತೂತಿನ ಸುತ್ತ ನೀರು ಇಳಿಯದಂತೆ ಏನು ಮಾಡಿದಿರಿ? ಬಾಗಿಲಿಗೆ ಮಾತ್ರ ಪ್ಲಾಸ್ಟಿಕ್ ಹಾಳೆ ಕೂರಿಸಿದರೆ ಆ ಒಂದು ದಿಕ್ಕಿಗಾದರೂ ಸಿಗ್ನಲ್ ಸಾಕಾಗುತ್ತದೆಯೇ? ಮನೆಯ ಮಕ್ಕಳ ಪಾಠ ಇದೇ ಸಂಪರ್ಕದ ಮೇಲಿದೆ, ಹಾಗಾಗಿ ಬೇಗ ಸರಿಮಾಡಬೇಕು.