ಮದುವೆಯಾಗಿ 25 ವರ್ಷ, ನಾಲ್ಕು ರಾತ್ರಿ ಸಿಂಗಾಪುರ: ಬಿಸಿನೆಸ್ ಕ್ಲಾಸ್ ತಗೊಳ್ಳೋದಾ ಬೇಡ್ವಾ?

ತುಂಗೆ ದಂಡೆ:

ಎಲ್ರಿಗೂ ನಮಸ್ಕಾರ. ಬರೋ ಫೆಬ್ರವರಿಗೆ ನಮ್ಮ ಮದುವೆಯಾಗಿ 25 ವರ್ಷ ತುಂಬುತ್ತೆ. ಮಗ ಕೆಲ್ಸಕ್ಕೆ ಸೇರ್ಕೊಂಡಿದಾನೆ, ಮಗಳು ಹಾಸ್ಟೆಲಲ್ಲಿದಾಳೆ, ಹಂಗಾಗಿ ನಾವಿಬ್ರೇ ಎಲ್ಲಾದ್ರೂ ಹೋಗಿ ಬರೋಣ ಅಂತ. ಇಬ್ರೂ ಇಲ್ಲೀವರೆಗೆ ದೇಶ ಬಿಟ್ಟು ಹೊರಗೆ ಹೋದೋರಲ್ಲ. ಸಿಂಗಾಪುರ ಅಂತ ತೀರ್ಮಾನ ಆಗಿದೆ, ಬೆಂಗ್ಳೂರಿಂದ ಡೈರೆಕ್ಟ್ ಫ್ಲೈಟಿದೆ, ನಾಲ್ಕೂವರೆ ಗಂಟೆ, ಸಸ್ಯಾಹಾರಿಗಳಿಗೆ ಊಟಕ್ಕೆ ತೊಂದ್ರೆ ಇಲ್ಲ ಅಂತ ಹೋಗಿ ಬಂದೋರು ಹೇಳಿದ್ರು.

ಪ್ರಶ್ನೆ ಟಿಕೆಟ್ಟಿಂದು. ನಾನು ನೋಡಿದಾಗ ಇಬ್ಬರಿಗೂ ಹೋಗಿ ಬರೋಕೆ ಎಕಾನಮಿ 60 ಸಾವಿರದ ಹತ್ರ ತೋರಿಸ್ತು, ಬಿಸಿನೆಸ್ ಕ್ಲಾಸ್ 1 ಲಕ್ಷ 90 ಸಾವಿರ. ನಮ್ಮ ಒಟ್ಟು ಬಜೆಟ್ಟೇ ಮೂರೂವರೆ ಲಕ್ಷ. ನಮ್ಮಾಕೆ ಹೈಸ್ಕೂಲ್ ಟೀಚರು, ಎರಡು ವರ್ಷದಿಂದ ಬೆನ್ನಿನ ಡಿಸ್ಕ್ ತೊಂದ್ರೆ ಇದೆ, ಒಂದೇ ಕಡೆ ಎರಡು ಗಂಟೆ ಕೂತ್ರೆ ಎಡಗಾಲು ಜೋಮು ಹಿಡಿಯುತ್ತೆ, ಶಿವಮೊಗ್ಗದಿಂದ ಏರ್‌ಪೋರ್ಟಿಗೇ ಕಾರಲ್ಲಿ ಆರೇಳು ಗಂಟೆ ಆಗುತ್ತೆ, ಆಮೇಲೆ ಮತ್ತೆ ವಿಮಾನದಲ್ಲಿ ಕೂರ್ಬೇಕು. ಬಿಸಿನೆಸ್ ಕ್ಲಾಸ್ ಅಂದಿದ್ದಕ್ಕೆ "ಅಷ್ಟು ದುಡ್ಡು ಯಾಕ್ರೀ ಸುಮ್ನೆ, ಮಗಳ ಫೀಸಿಗಾಗುತ್ತೆ" ಅಂದ್ಲು. ಆದ್ರೆ ಆ ಸೀಟು ಹಾಸಿಗೆ ಆಗೋ ವಿಡಿಯೋನ ರಾತ್ರಿ ಅಡುಗೆಮನೆಲಿ ನಿಂತ್ಕೊಂಡು, ಹಾಲು ಕಾಯಿಸ್ತಾ ಮೂರು ಸಲ ಹಾಕ್ಕೊಂಡು ನೋಡಿದ್ದು ನನ್ನ ಕಣ್ಣಿಗೆ ಬಿತ್ತು. ಅದಕ್ಕೇ ಕೇಳ್ತಿದೀನಿ. ಹೋಗಿ ಬಂದೋರು ದಯವಿಟ್ಟು ಹೇಳಿ, ಇಷ್ಟು ಚಿಕ್ಕ ಪ್ರಯಾಣಕ್ಕೆ ಅಷ್ಟು ಕೊಡಬಹುದಾ?

ಸರ್ಜಾಪುರ ರೋಡ್:

ಮೊದಲಿಗೆ ಇಬ್ರಿಗೂ ಶುಭಾಶಯ ಸಾರ್. ಆಫೀಸ್ ಕೆಲ್ಸಕ್ಕೆ ಈ ರೂಟಲ್ಲಿ ತುಂಬಾ ಸಲ ಓಡಾಡಿದೀನಿ, ಎರಡು ಕ್ಲಾಸಲ್ಲೂ, ಅದಕ್ಕೆ ಲೆಕ್ಕ ಹಾಕಿ ಹೇಳ್ತೀನಿ.

ರಾತ್ರಿ ಫ್ಲೈಟು ಅಂತ ಇಟ್ಕೊಳ್ಳಿ. ನಾಲ್ಕೂವರೆ ಗಂಟೆಲಿ ಮೇಲೆ ಹೋಗಿ ಬೆಲ್ಟ್ ಬಿಚ್ಚೋ ಹೊತ್ತಿಗೆ ಅರ್ಧ ಗಂಟೆ, ಊಟ ಕೊಟ್ಟು ತಟ್ಟೆ ತೆಗೆಯೋ ಹೊತ್ತಿಗೆ ಇನ್ನೊಂದು ಗಂಟೆ, ಇಳಿಯೋಕೆ ಮುಕ್ಕಾಲು ಗಂಟೆ ಮುಂಚೆ ಲೈಟ್ ಹಾಕ್ತಾರೆ. ಮಲಗೋಕೆ ಸಿಗೋದು ಹೆಚ್ಚಂದ್ರೆ ಎರಡು, ಎರಡೂಕಾಲು ಗಂಟೆ. ಸಿಂಗಾಪುರ ನಮಗಿಂತ ಎರಡೂವರೆ ಗಂಟೆ ಮುಂದೆ, ಅಲ್ಲಿ ಬೆಳಗ್ಗೆ ಆರಕ್ಕೆ ಇಳಿದ್ರೆ ನಿಮ್ಮ ಮೈಗೆ ಇನ್ನೂ ಮೂರೂವರೆ ರಾತ್ರಿ. ನಿಜವಾದ ಕಷ್ಟ ಶುರುವಾಗೋದೇ ಅಲ್ಲಿ. ಹೋಟೆಲಲ್ಲಿ ರೂಮು ಕೊಡೋದು ಮಧ್ಯಾಹ್ನ ಎರಡೋ ಮೂರೋ ಗಂಟೆಗೆ, ಅಲ್ಲೀವರೆಗೆ ಎಂಟು ಗಂಟೆ ಲಾಬಿಯಲ್ಲಿ ಕೂತ್ಕೊಂಡು, ಬ್ಯಾಗ್ ಇಟ್ಟು ಊರು ಸುತ್ಕೊಂಡು ಇರ್ಬೇಕು. ಬೆನ್ನು ನೋವಿರೋರಿಗೆ ಫ್ಲೈಟಿಗಿಂತ ಅದು ಹಿಂಸೆ.

ನನ್ನ ಸಲಹೆ ಏನಂದ್ರೆ, ಏನೇ ಮಾಡಿ, ಹೋಟೆಲನ್ನ ಹಿಂದಿನ ರಾತ್ರಿಯಿಂದ್ಲೇ ಬುಕ್ ಮಾಡಿ. ಒಂದು ರಾತ್ರಿ ದುಡ್ಡು ಜಾಸ್ತಿ ಹೋಗುತ್ತೆ, ಆದ್ರೆ ಬೆಳಗ್ಗೆ ಏಳೂವರೆಗೆ ಸ್ನಾನ ಮಾಡಿ ನಿಜವಾದ ಹಾಸಿಗೆ ಮೇಲೆ ಮಲಗಿರ್ತೀರ. ಬುಕ್ ಮಾಡಿದ್ಮೇಲೆ ಒಂದು ಮೇಲ್ ಹಾಕಿ, ನಾವು ಬೆಳಗ್ಗೆ ಬರ್ತೀವಿ, ರಾತ್ರಿ ಬರ್ಲಿಲ್ಲ ಅಂತ ಬುಕಿಂಗ್ ಕ್ಯಾನ್ಸಲ್ ಮಾಡ್ಬೇಡಿ ಅಂತ. ಇದನ್ನ ಮರೀಬೇಡಿ.

ಇನ್ನೊಂದು, ಹೋಗೋದು ಒಂದು ಕ್ಲಾಸು ಬರೋದು ಇನ್ನೊಂದು ಕ್ಲಾಸು ಅಂತ ಒಂದೇ ಟಿಕೆಟಲ್ಲಿ ತಗೋಬಹುದು, ಎರಡೂ ಕಡೆ ಬಿಸಿನೆಸ್ ಅಂತ ಏನಿಲ್ಲ. ಟ್ಯಾಕ್ಸೂ ನೋಡಿ, 2025ರ ಸೆಪ್ಟೆಂಬರ್ 22ರಿಂದ ಬಿಸಿನೆಸ್ ಕ್ಲಾಸ್ ಟಿಕೆಟಿಗೆ ಜಿಎಸ್‌ಟಿ 12ರಿಂದ 18 ಪರ್ಸೆಂಟ್ ಆಯ್ತು, ಎಕಾನಮಿಗೆ 5 ಹಾಗೇ ಇದೆ.

ಇಮಿಗ್ರೇಷನ್, ಅಂದ್ರೆ ಪಾಸ್‌ಪೋರ್ಟ್ ತಪಾಸಣೆ ಕ್ಯೂ ತಪ್ಪಿಸೋಕೆ ಅಂತ ಬಿಸಿನೆಸ್ ಬೇಕಾಗಿಲ್ಲ. ಕೇಂದ್ರ ಸರ್ಕಾರದ ಟ್ರಸ್ಟೆಡ್ ಟ್ರಾವೆಲರ್ ಪ್ರೋಗ್ರಾಂ ಅಂತ ಇದೆ, 2025ರ ಜನವರಿಯಿಂದ ಬೆಂಗ್ಳೂರಲ್ಲೂ ಶುರುವಾಗಿದೆ, ಫ್ರೀ, ಆನ್‌ಲೈನಲ್ಲಿ ಅರ್ಜಿ ಹಾಕಿ ಬೆರಳಚ್ಚು ಕೊಟ್ರೆ ತಾನಾಗೇ ತೆಗೆಯೋ ಇ-ಗೇಟಲ್ಲಿ ಹೋಗ್ಬಹುದು. ಈಗಲೇ ಹಾಕಿಬಿಡಿ, ಒಪ್ಪಿಗೆ ಬರೋಕೆ ಟೈಮ್ ಹಿಡಿಯುತ್ತೆ.

ಕುಡ್ಲದ ಗಾಳಿ:

ನಾಲ್ಕೂವರೆ ಗಂಟೆಗೆ ಒಂದು ಲಕ್ಷ ಮೂವತ್ತು ಸಾವಿರ ಜಾಸ್ತಿ ಕೊಡ್ಲಿಕ್ಕೆ ನಾನಂತೂ ಒಪ್ಪುವುದಿಲ್ಲ ಮಾರಾಯ್ರೆ. ಮಂಗಳೂರಿಂದ ಬೆಂಗಳೂರಿಗೆ ಬಸ್ಸಲ್ಲಿ ಅದರ ಡಬ್ಬಲ್ ಹೊತ್ತು ಹೋಗ್ತೇವೆ. ಆ ದುಡ್ಡಲ್ಲಿ ಒಳ್ಳೆ ಹೋಟೆಲಲ್ಲಿ ಇರಿ, ಎಲ್ಲಾ ಕಡೆ ಟ್ಯಾಕ್ಸಿಯಲ್ಲೇ ಹೋಗಿ.

ಆದರೆ ತೆಗೆದುಕೊಳ್ಳುವುದೇ ಆದರೆ ಒಂದು ವಿಷಯ ಹೇಳ್ತೇನೆ, ನಾವು ಅನುಭವಿಸಿದ್ದು. ನಾನು ಮತ್ತು ನನ್ನ ಹೆಂಡತಿ ಬೇರೊಂದು ದೇಶಕ್ಕೆ ಹೋಗುವಾಗ ಒಂದು ಬುಕಿಂಗ್ ವೆಬ್‌ಸೈಟಲ್ಲಿ ಬಿಸಿನೆಸ್ ಕ್ಲಾಸ್ ಅಂತ ಕಡಿಮೆಗೆ ಸಿಕ್ತು ಅಂತ ಖುಷಿಯಲ್ಲಿ ತೆಗೆದುಕೊಂಡೆವು. ಮಧ್ಯದಲ್ಲಿ ಒಂದು ಕಡೆ ವಿಮಾನ ಬದಲಾಯಿಸ್ಲಿಕ್ಕೆ ಉಂಟು. ನೋಡಿದರೆ ಚಿಕ್ಕ ಪ್ರಯಾಣ ಮಾತ್ರ ಬಿಸಿನೆಸ್, ಆರು ಗಂಟೆಯ ದೊಡ್ಡ ಪ್ರಯಾಣ ಎಕಾನಮಿ! ಟಿಕೆಟಿನ ಕೆಳಗೆ ಸಣ್ಣ ಅಕ್ಷರದಲ್ಲಿ ಮಿಕ್ಸೆಡ್ ಕ್ಯಾಬಿನ್ ಅಂತ ಬರೆದಿತ್ತು, ನಾನು ನೋಡಿರಲಿಲ್ಲ. ಕೌಂಟರಲ್ಲಿ ಬೋರ್ಡಿಂಗ್ ಪಾಸ್ ಕೈಗೆ ಬಂದಾಗ ಹೆಂಡತಿ ಏನೂ ಹೇಳಲಿಲ್ಲ, ಸುಮ್ಮನೆ ಸೀಟ್ ನಂಬರ್ ನೋಡಿ ಪರ್ಸಿಗೆ ಹಾಕಿಕೊಂಡಳು. ಅದು ಇವತ್ತಿಗೂ ಮನಸ್ಸಿಗೆ ಬೇಜಾರು. ಹಾಗಾಗಿ ಪ್ರತಿಯೊಂದು ವಿಮಾನದ ಎದುರು ಯಾವ ಕ್ಲಾಸ್ ಅಂತ ಬೇರೆ ಬೇರೆ ನೋಡಿ, ಆದಷ್ಟು ಏರ್‌ಲೈನಿನ ಸ್ವಂತ ವೆಬ್‌ಸೈಟಲ್ಲೇ ತೆಗೆದುಕೊಳ್ಳಿ.

ಧಾರವಾಡದಾಕಿ:

ನಾ ಸ್ವತಃ ಬೆನ್ನಿನ ಆಪರೇಷನ್ ಮಾಡಿಸ್ಕೊಂಡಾಕಿ, ಅದಕ್ಕ ಹೇಳ್ತೀನ್ರಿ. ಮ್ಯಾಲಿನವ್ರು ನಿದ್ದಿ ಎಷ್ಟು ತಾಸು ಅಂತ ಲೆಕ್ಕಾ ಹಾಕ್ಯಾರ, ಅದು ಖರೇ ಐತಿ. ಆದ್ರ ಡಿಸ್ಕ್ ತ್ರಾಸು ಇದ್ದವರಿಗೆ ನಿದ್ದಿ ಬರ್ಲಿ ಬಿಡ್ಲಿ, ಬೆನ್ನು ಚಾಚಾಕ ಸಿಗೋದೇ ದೊಡ್ಡದು. ಅರ್ಧಾ ತಾಸು ಅಡ್ಡಾದ್ರ ಸಾಕು, ಕಾಲಿಗೆ ಜೀವಾ ಬರ್ತೈತಿ. ಎಕಾನಮಿ ಸೀಟಿನ್ಯಾಗ ಮುಂದಿನವ್ರು ಸೀಟ್ ಹಿಂದ ಹಾಕಿದ್ರ ಮುಗೀತು, ಮೊಳಕಾಲು ಅಲ್ಲಾಡ್ಸಾಕ ಜಾಗಾ ಇರಂಗಿಲ್ಲ. ಎಕಾನಮಿನೇ ತಗೊಂಡ್ರೂ ಐಲ್ ಸೀಟ್, ಅಂದ್ರ ಓಣಿ ಬಾಜೂಕಿಂದು, ಅಕ್ಕಾರಿಗೆ ಕೊಡ್ರಿ, ತಾಸಿಗೊಮ್ಮೆ ಎದ್ದು ಅಡ್ಡಾಡ್ಲಿ, ಸಣ್ಣ ದಿಂಬು ನಡಕ್ಕ ಇಟ್ಕೊಳ್ಳಿ. ವ್ಹೀಲ್‌ಚೇರ್ ಕೇಳಾಕ ನಾಚ್ಕೋಬ್ಯಾಡ್ರಿ, ಅದಕ್ಕ ರೊಕ್ಕಾ ಇಲ್ಲ, ಮುಂಚೇನೇ ಬುಕಿಂಗ್‌ನ್ಯಾಗ ಹಾಕಿಸ್ರಿ.

ಮತ್ತ ಫ್ಲ್ಯಾಟ್ ಬೆಡ್ ಅಂತ ಖಾತ್ರಿ ಮಾಡ್ಕೋರಿ. ಬಿಸಿನೆಸ್ ಕ್ಲಾಸ್ ಅಂದ ಕೂಡ್ಲೇ ಹಾಸಗಿ ಆಗ್ತೈತಿ ಅಂತ ತಿಳೀಬ್ಯಾಡ್ರಿ, ಕೆಲವು ಸಣ್ಣ ವಿಮಾನದಾಗ ಬರೇ ಅಗಲ ಕುರ್ಚಿ ಇರ್ತಾವು, ಸ್ವಲ್ಪ ಹಿಂದ ವಾಲ್ತಾವು ಅಷ್ಟ. ಅಂಥಾದ್ರಾಗ ಜಾರಿ ಜಾರಿ ಬೆನ್ನು ಇನ್ನಷ್ಟು ಹೈರಾಣ ಆಗ್ತೈತಿ. ಸೀಟ್ ಮ್ಯಾಪ್ ತಗದು ನೋಡ್ರಿ, ಒಂದು ಸಾಲಿನ್ಯಾಗ ಒಂದು-ಎರಡು-ಒಂದು ಅಂತ ಸೀಟು ಇದ್ರ ಬಹಳ ಮಾಡಿ ಪೂರ್ತಿ ಹಾಸಗಿ ಆಗೋದೇ ಇರ್ತೈತಿ, ನಡುವಿನ ಎರಡು ಸೀಟು ಜೋಡಿಗೆ ಚೊಲೋ. ಎರಡು-ಎರಡು ಇದ್ರ ಯಾವ ವಿಮಾನ ಅಂತ ಹುಡುಕಿ ತಿಳ್ಕೋರಿ.

ಇಷ್ಟೆಲ್ಲಾ ಹೇಳಿ ಒಂದು ಮಾತು ಕೇಳ್ತೀನಿ ಅಣ್ಣಾರ, ಅಕ್ಕಾರನ್ನ ಕೇಳೀರೇನು? "ಬ್ಯಾಡ" ಅಂದ್ರ ಬ್ಯಾಡ ಅಂತಲ್ಲ. ನಮ್ಮ ಬಾಯಿಗೆ ಮೊದ್ಲು ಬರೋದೇ ಮಕ್ಕಳ ಫೀಸು. ಬೇಕೋ ಬ್ಯಾಡೋ ಅಂತ ಕೇಳಬ್ಯಾಡ್ರಿ, ಹೋಗುವಾಗ ಬೇಕೋ ಬರುವಾಗ ಬೇಕೋ ಅಂತ ಕೇಳ್ರಿ.

ಪುಂಗೋಲ್ ಕನ್ನಡತಿ:

ನಾನು ಸಿಂಗಾಪುರದಲ್ಲೇ ಇರೋದು, ಹನ್ನೊಂದು ವರ್ಷ ಆಯ್ತು. ಟಿಕೆಟ್ ವಿಷಯ ಮೇಲಿನೋರು ಹೇಳಿದಾರೆ, ನಾನು ಇಲ್ಲಿಂದು ಹೇಳ್ತೀನಿ.

ಫೆಬ್ರವರಿ ಒಳ್ಳೆ ತಿಂಗಳು, ಮಳೆ ಕಮ್ಮಿ. ಆದ್ರೆ ಚೈನೀಸ್ ನ್ಯೂ ಇಯರ್ ಯಾವತ್ತು ಅಂತ ನೋಡ್ಕೊಂಡು ಡೇಟ್ ಹಾಕಿ, ಅದು ಜನವರಿ ಕೊನೆಗೋ ಫೆಬ್ರವರಿಗೋ ಬರುತ್ತೆ. ಹಬ್ಬಕ್ಕೆ ಮುಂಚೆ ಬಂದ್ರೆ ಚೈನಾಟೌನ್ ಪೂರ್ತಿ ದೀಪ, ನೋಡೋಕೆ ಚಂದ. ಹಬ್ಬದ ಎರಡು ದಿನ ಸರ್ಕಾರಿ ರಜೆ, ಎಷ್ಟೋ ಅಂಗಡಿ ಬಾಗಿಲು ಹಾಕಿರ್ತಾರೆ, ಹೋಟೆಲ್ ರೇಟೂ ಜಾಸ್ತಿ.

ನಾಲ್ಕು ದಿನಕ್ಕೆ ಹತ್ತು ಜಾಗ ಇಟ್ಕೋಬೇಡಿ, ಬೆನ್ನು ನೋವು ಬೇರೆ ಇದೆ. ಗಾರ್ಡನ್ಸ್ ಬೈ ದ ಬೇ ಹೋಗ್ಲೇಬೇಕು, ಅಲ್ಲಿ ಕ್ಲೌಡ್ ಫಾರೆಸ್ಟ್ ಅಂತ ಗಾಜಿನ ಗುಮ್ಮಟ ಇದೆ, ಒಳಗೆ ಹೋದ ಕೂಡ್ಲೇ ಎದುರಿಗೆ 35 ಮೀಟರ್ ಜಲಪಾತ, ಮೈಗೆ ತಣ್ಣಗೆ ಹನಿ ಬೀಳುತ್ತೆ, ಮಲೆನಾಡಿನೋರಿಗೆ ಊರಿನ ಮಳೆಗಾಲವೇ ನೆನಪಾಗುತ್ತೆ ನೋಡಿ, ಜರೀಗಿಡ, ಪಾಚಿ, ಆ ಒದ್ದೆ ಮಣ್ಣಿನ ವಾಸನೆ ಎಲ್ಲಾ. ಲಿಫ್ಟಲ್ಲಿ ಮೇಲೆ ಹೋಗಿ ನಿಧಾನಕ್ಕೆ ಇಳ್ಕೊಂಡು ಬರೋದು, ಹತ್ತೋ ಕಷ್ಟ ಇಲ್ಲ. ಸಂಜೆ 7.45ಕ್ಕೆ ಮತ್ತೆ 8.45ಕ್ಕೆ ಹೊರಗಡೆ ಸೂಪರ್‌ಟ್ರೀ ಅನ್ನೋ ದೊಡ್ಡ ಕೃತಕ ಮರಗಳ ಕೆಳಗೆ ಲೈಟ್ ಶೋ, ಅದಕ್ಕೆ ಟಿಕೆಟ್ಟಿಲ್ಲ. ಬೊಟಾನಿಕ್ ಗಾರ್ಡನ್ಸ್ 2015ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ ಜಾಗ, ಅದಕ್ಕೂ ದುಡ್ಡಿಲ್ಲ, ಒಳಗಿರೋ ಆರ್ಕಿಡ್ ತೋಟಕ್ಕೆ ಮಾತ್ರ ಟಿಕೆಟ್. ಮೆಟ್ರೋ ಸ್ಟೇಷನ್‌ಗಳಲ್ಲಿ ಎಲ್ಲಾ ಕಡೆ ಲಿಫ್ಟಿದೆ, ಮೆಟ್ಟಿಲು ಹತ್ತೋದು ಬೇಕಿಲ್ಲ. ಊಟಕ್ಕೆ ಲಿಟಲ್ ಇಂಡಿಯಾ ಇದ್ದೇ ಇದೆ, ಸೆರಂಗೂನ್ ರೋಡಲ್ಲಿ ಕೋಮಲ ವಿಲಾಸ್ 1947ರಿಂದ ಇದೆ, ಪಕ್ಕದ ಬೀದಿಗಳಲ್ಲಿ ಮಲ್ಲಿಗೆ ಮಾಲೆ ಸಿಗುತ್ತೆ, ಆನಿವರ್ಸರಿ ದಿನ ಬೆಳಗ್ಗೆ ಹೋಗಿ ತಗೊಂಡು ಕೊಡಿ ಅಣ್ಣ.

ಈಗ ಗಮನ ಇಟ್ಟು ಕೇಳಿ. ತಿಂಡಿ ಕಟ್ಕೊಂಡು ಬರೋವಾಗ ಗಸಗಸೆ ಇರೋದು ಯಾವುದೂ ಬೇಡ. ಇಲ್ಲಿ ಗಸಗಸೆ ನಿಷೇಧ, ಮಾದಕ ವಸ್ತು ಕಾನೂನಿನ ಕೆಳಗೆ ಬರುತ್ತೆ. ನಮ್ಮಮ್ಮ ಒಂದ್ಸಲ ಕಜ್ಜಾಯಕ್ಕೆ ಗಸಗಸೆ ಉದುರಿಸಿ ಡಬ್ಬ ತುಂಬಿಟ್ಟಿದ್ರು, ಹೊರಡೋ ಹಿಂದಿನ ದಿನ ವಿಡಿಯೋ ಕಾಲಲ್ಲಿ ನೋಡಿ ಅಲ್ಲೇ ಬಿಟ್ಟು ಬನ್ನಿ ಅಂದೆ. ಜಗಿಯೋ ತಂಬಾಕು, ಗುಟ್ಕಾ, ಚೂಯಿಂಗ್ ಗಮ್ ಇವೂ ಬೇಡ. ಅಕ್ಕನ ಮಾತ್ರೆಗಳ ಚೀಟಿ ಜೊತೆಗಿಟ್ಕೊಳ್ಳಿ, ನಿದ್ದೆ ಮಾತ್ರೆ, ಕೋಡೀನ್ (ಕೆಲವು ನೋವಿನ, ಕೆಮ್ಮಿನ ಔಷಧಿಲಿರುತ್ತೆ) ಇರೋ ಔಷಧಿಗೆಲ್ಲಾ ಮುಂಚೆನೇ ಅನುಮತಿ ಬೇಕಾಗಬಹುದು, ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಚ್‌ಎಸ್‌ಎ ವೆಬ್‌ಸೈಟಲ್ಲಿ ಮಾತ್ರೆ ಹೆಸರು ಹಾಕಿ ನೋಡಿ.

ವೀಸಾ ಸಾಮಾನ್ಯವಾಗಿ ಏಜೆಂಟ್ ಮೂಲಕ ಆಗೋದು. ಅರೈವಲ್ ಕಾರ್ಡ್ ಅಂತ ಬೇರೆ ಇದೆ, ಬರೋಕೆ ಮೂರು ದಿನದೊಳಗೆ ಆನ್‌ಲೈನಲ್ಲಿ ತುಂಬ್ಬೇಕು, ಅದು ಫ್ರೀ. ದುಡ್ಡು ಕೇಳೋ ವೆಬ್‌ಸೈಟ್ ಬಂದ್ರೆ ಅದು ಸರ್ಕಾರದ್ದಲ್ಲ.

ತುಂಗೆ ದಂಡೆ:

ಎಲ್ರಿಗೂ ಎಷ್ಟು ಧನ್ಯವಾದ ಹೇಳಿದ್ರೂ ಕಮ್ಮಿ. ಗಸಗಸೆ ವಿಷಯ ನಮಗೆ ಗೊತ್ತೇ ಇರ್ಲಿಲ್ಲ, ಹೋದ್ರೆ ಕಜ್ಜಾಯ ಮಾಡ್ಕೊಂಡೇ ಹೋಗ್ತಿದ್ವಿ.

ಧಾರವಾಡದ ಅಕ್ಕ ಹೇಳಿದ ಹಾಗೆ ನಿನ್ನೆ ರಾತ್ರಿ ಕೇಳಿದೆ, ಹೋಗುವಾಗ ಬೇಕಾ ಬರುವಾಗ ಬೇಕಾ ಅಂತ. ನಾನಂದ್ಕೊಂಡಿದ್ದೆ ಸುಸ್ತಾಗಿರುತ್ತಲ್ಲ, ಬರುವಾಗ ಅಂತಾಳೆ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು "ಹೋಗುವಾಗ" ಅಂದ್ಲು. ಯಾಕೆ ಅಂದ್ರೆ "ಬರುವಾಗ ಮನೆ ಯೋಚನೆ ಶುರುವಾಗಿರುತ್ತೆ ಕಣ್ರೀ, ಎಲ್ಲಿ ಕೂತ್ರೂ ಒಂದೇ. ಹೋಗುವಾಗ ಖುಷಿಯಿರುತ್ತೆ, ನಿದ್ದೆ ಬರ್ದೇ ಇದ್ರೂ ಪರವಾಗಿಲ್ಲ, ಮಲ್ಕೊಂಡು ಕಿಟಕಿ ನೋಡ್ತೀನಿ" ಅಂತ.

ಹಂಗಾಗಿ ಹೋಗೋದು ಬಿಸಿನೆಸ್, ಬರೋದು ಎಕಾನಮಿ ಐಲ್ ಸೀಟು. ಸರ್ಜಾಪುರದವ್ರೆ, ನೀವು ಹೇಳಿದ ಹಾಗೆ ಹೋಟೆಲ್ ಹಿಂದಿನ ರಾತ್ರಿಯಿಂದ ಮಾಡ್ತೀವಿ. ಒಂದೇ ಒಂದು ಅನುಮಾನ, ಅವಳಿಗೆ ಕಿಟಕಿ ಬೇಕು ಅಂದ್ರೆ ಮಧ್ಯದ ಜೋಡಿ ಸೀಟು ಬೇಡ್ವಲ್ಲ?

ಸರ್ಜಾಪುರ ರೋಡ್:

ಬೇಡ ಸಾರ್. ಒಂದು-ಎರಡು-ಒಂದು ಇದ್ರೆ ಕಿಟಕಿ ಪಕ್ಕ ಒಂಟಿ ಸೀಟು, ಅವರಿಗೆ ಅದನ್ನ ಹಾಕಿ, ನೀವು ಅದರ ಹಿಂದಿನ ಸಾಲಿನ ಕಿಟಕಿ ತಗೊಳ್ಳಿ ಅಥವಾ ಪಕ್ಕದ ಓಣಿ ದಾಟಿದ್ರೆ ಸಿಗೋ ಮಧ್ಯದ ಸೀಟು, ಕೈ ಚಾಚಿದ್ರೆ ಮಾತಾಡ್ಸೋಷ್ಟೇ ದೂರ. ಊಟ ಏರ್‌ಪೋರ್ಟಿನ ಲೌಂಜಲ್ಲೇ (ಬಿಸಿನೆಸ್ ಟಿಕೆಟಿನೋರು ಕಾಯೋ ಕೋಣೆ) ಮುಗಿಸ್ಕೊಳ್ಳಿ, ಒಳಗೆ ಹೋದ ಕೂಡ್ಲೇ ನಮಗೆ ಊಟ ಬೇಡ, ಮಲಗ್ತೀವಿ ಅಂತ ಹೇಳಿಬಿಡಿ, ಮುಕ್ಕಾಲು ಗಂಟೆ ಉಳಿಯುತ್ತೆ. ಫ್ಲೈಟಲ್ಲೇ ತಿನ್ಬೇಕು ಅಂತಿದ್ರೆ ಹಿಂದೂ ವೆಜ್ ಊಟ ಅಂತ ಕಮ್ಮಿ ಅಂದ್ರೂ ಎರಡು ದಿನ ಮುಂಚೆ ಬುಕಿಂಗಲ್ಲಿ ಹಾಕಿ.

ತುಂಗೆ ದಂಡೆ:

ಆಯ್ತು ಸಾರ್. ಅವಳಿಗೆ ಕಿಟಕಿ, ನಾನು ಓಣಿ ದಾಟಿದ ಸೀಟು. ಶನಿವಾರ ಅವಳಿಗೆ ಶಾಲೆ ಅರ್ಧ ದಿನ, ಮಧ್ಯಾಹ್ನ ಗೋಪಿ ಸರ್ಕಲ್ ಹತ್ರ ಹೋಗಿ ವೀಸಾ ಫೋಟೋ ತೆಗೆಸ್ಕೊಂಡು ಬರ್ತೀವಿ.